ಎಲೆ ಮುಟ್ಟಿದರೆ ಅಪ್ಪನ ದನಿ

ಗೌರಿ ಹಬ್ಬಕ್ಕೆ ಅಕ್ಕನಿಗೆ ಬಾಗಿನ ಕೊಡೋಕೆ ಅಂತ ಕಟ್ಟಾಯಕ್ಕೆ ಹೋಗಿದ್ದೆ. ನಮ್ಮೂರು ಹೊಳೆನರಸೀಪುರದ ಕಡೆ, ಅಕ್ಕನನ್ನ ಕೊಟ್ಟಿರೋದು ಕಟ್ಟಾಯಕ್ಕೆ. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಮೇಲೆ ವರ್ಷಕ್ಕೆ ತಪ್ಪದೆ ಹೋಗೋದು ಅಂದ್ರೆ ಇದೊಂದು ಹಬ್ಬಕ್ಕೆ. ಮೊರ ಕೊಟ್ಟು, ಹೋಳಿಗೆ ಊಟ ಮುಗಿಸಿ, ಜಗಲಿ ಮೇಲೆ ಕಾಲು ಚಾಚಿದ್ದೆ ಅಷ್ಟೆ. ಎಂಟನೇ ಕ್ಲಾಸಿನ ಅಕ್ಕನ ಮಗಳು ಬಂದು ಪಕ್ಕದಲ್ಲಿ ಕೂತಳು.

"ಮಾವ, ನಿನ್ ಲ್ಯಾಪ್‌ಟಾಪ್ ತಂದಿದೀಯಾ?"

"ತಂದಿದೀನಿ. ಯಾಕೆ?"

"ಒಂದು ಇಂಟರಾಕ್ಟಿವ್ ಪೋಸ್ಟರ್ ಮಾಡ್ಕೊಡು. ವಿಜ್ಞಾನದ ಮಿಸ್ ಹೇಳಿದಾರೆ. ರಜ ಮುಗಿಯೋದ್ರೊಳಗೆ ಆಗ್ಬೇಕು."

ನನಗೆ ಒಳಗೊಳಗೇ ಖುಷಿ. ನಮ್ಮ ಕಾಲದಲ್ಲಿ ಪ್ರಾಜೆಕ್ಟ್ ಅಂದ್ರೆ ಅಂಗಡಿಗೆ ಹೋಗಿ ರೆಡಿಮೇಡ್ ಚಾರ್ಟ್ ತರೋದು, ಚಿತ್ರ ಕತ್ತರಿಸೋದು, ಅನ್ನದ ಅಗುಳಲ್ಲಿ ಡ್ರಾಯಿಂಗ್ ಶೀಟಿಗೆ ಅಂಟಿಸೋದು. ಈಗ ನೋಡಿ, ಹಳ್ಳಿ ಶಾಲೆಗೂ ಇಂಟರಾಕ್ಟಿವ್ ಬಂತು! ವಿಷಯ ಏನು ಅಂತ ಕೇಳಿದೆ. "ನಮ್ಮೂರ ಬೆಳೆ ಮತ್ತು ಅದರ ರೋಗ" ಅಂದಳು. ಹಾಸನ ಅಂದಮೇಲೆ ಇನ್ನೇನು, ಆಲೂಗಡ್ಡೆ!

ಒಂದು ಗಂಟೆ ಹಿಡೀತು. ನಡುವೆ ದೊಡ್ಡದೊಂದು ಆಲೂಗಡ್ಡೆ ಗಿಡದ ಚಿತ್ರ. ಅದರ ಮೇಲೆ ಹತ್ತು ಹನ್ನೆರಡು ಮಿನುಗೋ ಚುಕ್ಕಿ. ಒಂದು ಚುಕ್ಕಿ ಮುಟ್ಟಿದ್ರೆ 1845ರ ಐರ್ಲೆಂಡ್ ಕ್ಷಾಮದ ವಿಡಿಯೊ, ಇನ್ನೊಂದು ಮುಟ್ಟಿದ್ರೆ ಸೂಕ್ಷ್ಮದರ್ಶಕದ ಚಿತ್ರ, ಮತ್ತೊಂದಕ್ಕೆ ಪೆರು ದೇಶದ ಬೆಟ್ಟಗಳು. ಹಿನ್ನೆಲೆಗೆ ಸಂಗೀತ ಬೇರೆ. ನನ್ನ ಆಫೀಸಿನ ಯಾವ ಪ್ರೆಸೆಂಟೇಶನ್ನೂ ಅಷ್ಟು ಚೆನ್ನಾಗಿರಲಿಲ್ಲ. ಹುಡುಗಿ ಕುಣಿದಾಡಿಬಿಟ್ಟಳು.

ರಜ ಮುಗಿದ ಮಾರನೇ ಸಂಜೆ ಅಕ್ಕನ ಫೋನಿಂದ ಕಾಲ್ ಬಂತು. ದನಿ ಸಣ್ಣಗಿತ್ತು.

"ಮಾವ, ಮಿಸ್ ನೋಡಿದ್ರು. ಚೆನ್ನಾಗಿದೆ ಅಂದ್ರು. ಆಮೇಲೆ, ಇದ್ರಲ್ಲಿ ನೀನೆಲ್ಲಿದೀಯ ಅಂತ ಕೇಳಿದ್ರು."

"ನೀನೇನಂದೆ?"

"ಏನೂ ಅನ್ಲಿಲ್ಲ. ಅಂಗಮಾರಿ ಬಂದ್ರೆ ಎಲೆ ಹೆಂಗಾಗತ್ತೆ ಹೇಳು ಅಂದ್ರು. ಗೊತ್ತಾಗ್ಲಿಲ್ಲ. ಒಂದು ವಾರ ಟೈಮ್ ಕೊಟ್ಟಿದಾರೆ, ನೀನೇ ಮಾಡ್ಕೊಂಡು ಬಾ ಅಂತ."

ಆಲೂಗಡ್ಡೆ ಬೆಳೆದು ಅಂಗಮಾರಿಯಲ್ಲಿ ಕೈಸುಟ್ಟುಕೊಂಡ ರೈತನ ಮಗಳು ಅವಳು. ಅವಳಿಗೆ ಐರ್ಲೆಂಡ್ ತೋರಿಸಿ ಬಂದಿದ್ದೆ ನಾನು. ತಪ್ಪು ಅವಳದ್ದಲ್ಲ, ಮಿಸ್ ಅವರದ್ದೂ ಅಲ್ಲ. ನನ್ನದೇ.

ಈ ಪೋಸ್ಟರ್ ಅಂದ್ರೆ ಏನು?

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಸಾಮಾನ್ಯ ಚಾರ್ಟಿನಲ್ಲಿ ಚಿತ್ರ ಮತ್ತು ಬರಹ ಇರುತ್ತೆ, ನೋಡಿ ಸುಮ್ಮನಾಗಬೇಕು. ಇಂಟರಾಕ್ಟಿವ್ ಪೋಸ್ಟರಲ್ಲಿ ಚಿತ್ರದ ಒಂದೊಂದು ಭಾಗ ಮುಟ್ಟಿದಾಗಲೂ ಏನಾದರೂ ತೆರೆದುಕೊಳ್ಳುತ್ತೆ: ಒಂದು ದನಿ, ಒಂದು ವಿಡಿಯೊ, ಇನ್ನೊಂದು ಚಿತ್ರ, ಒಂದು ಪ್ರಶ್ನೆ. 2007ರಲ್ಲಿ ಶುರುವಾದ ಗ್ಲಾಗ್‌ಸ್ಟರ್ ಇದನ್ನು ಶಾಲೆಗಳಿಗೆ ಪರಿಚಯಿಸಿದ ಮೊದಲಿಗರಲ್ಲಿ ಒಂದು. ಆಮೇಲೆ ಫಿನ್‌ಲ್ಯಾಂಡಿನ ಥಿಂಗ್‌ಲಿಂಕ್, ಸ್ಪೇನಿನ ಜೀನಿಯಲಿ, ಆಸ್ಟ್ರೇಲಿಯಾದ ಕ್ಯಾನ್ವಾ ಎಲ್ಲ ಬಂದವು.

ಇಲ್ಲೊಂದು ಪಾಠವೂ ಇದೆ. ಗ್ಲಾಗ್‌ಸ್ಟರ್ ಮೊದಮೊದಲು ಅಡೋಬಿ ಫ್ಲ್ಯಾಶ್ ಮೇಲೆ ನಡೀತಿತ್ತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ನ ಕಥೆಯೇ ಮುಗೀತು. ಫ್ಲ್ಯಾಶಲ್ಲೇ ಉಳಿದುಹೋದ ಶಾಲಾ ಪ್ರಾಜೆಕ್ಟುಗಳೆಲ್ಲ ಆವತ್ತಿಂದ ತೆರೆಯದ ಪೆಟ್ಟಿಗೆಗಳಾದವು. ಹಾಗಾಗಿ ಯಾವ ಆ್ಯಪ್ ಚೆಂದ ಅಂತ ಕೇಳೋದಕ್ಕಿಂತ, ಆ್ಯಪ್ ಮುಚ್ಚಿದರೂ ಮಗು ಮಾಡಿದ ಕೆಲಸ ಉಳಿಯುತ್ತಾ ಅಂತ ಕೇಳೋದು ಒಳ್ಳೇದು. ದನಿ, ಚಿತ್ರಗಳ ಮೂಲ ಫೈಲುಗಳನ್ನ ಒಂದು ಪೆನ್‌ಡ್ರೈವಲ್ಲಿ ಇಟ್ಟುಕೊಂಡ್ರೆ ಸಾಕು.

ನಮ್ಮಲ್ಲಿ ಇದು ಹೊಸದೇ ಅಂದ್ರೆ ಅಷ್ಟು ಹೊಸದೂ ಅಲ್ಲ. ನಲಿ-ಕಲಿ ನೆನಪಿದೆಯಾ? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದದ್ದು. ಆಂಧ್ರದ ರಿಷಿವ್ಯಾಲಿ ಶಾಲೆಗಳನ್ನ ನೋಡಿಬಂದ ನಮ್ಮ ಮೇಷ್ಟ್ರುಗಳೇ ಸೇರಿ ಕಾರ್ಡುಗಳನ್ನ ಮಾಡಿದರು. ಗೋಡೆ ಮೇಲೆ ಕಲಿಕಾ ಏಣಿ ಇರ್ತಿತ್ತು. ಮಗು ತಾನೇ ಹೋಗಿ ತಾನು ಯಾವ ಮೆಟ್ಟಿಲಲ್ಲಿದ್ದೀನಿ ಅಂತ ನೋಡಿ, ಆ ಗುರುತಿನ ಕಾರ್ಡ್ ತೆಗೆದುಕೊಂಡು, ತನ್ನ ತಟ್ಟೆಯ ಗುಂಪಿಗೆ ಹೋಗಿ ಕೂರ್ತಿತ್ತು. ತಲೆ ಮೇಲೆ ಹಗ್ಗದ ಚಪ್ಪರ. ಅದರಲ್ಲಿ ಮಕ್ಕಳೇ ಮಾಡಿದ ಚಿತ್ರಗಳು ನೇತಾಡ್ತಿದ್ದವು. ಮುಟ್ಟಿದರೆ ಮುಂದಕ್ಕೆ ಕರೆದುಕೊಂಡು ಹೋಗೋ ಗೋಡೆ ಅದು. ಕರೆಂಟ್ ಬೇಕಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆಮೇಲೆ ದೀಕ್ಷಾ ಬಂತು, 2017ರ ಸೆಪ್ಟೆಂಬರ್ 5ರ ಶಿಕ್ಷಕರ ದಿನದಂದು. ಈಗ ನಮ್ಮ ಸರ್ಕಾರಿ ಪಠ್ಯಪುಸ್ತಕ ತೆಗೆದರೆ ಪಾಠದ ಪಕ್ಕದಲ್ಲಿ ಕ್ಯುಆರ್ ಕೋಡ್ ಇರುತ್ತೆ. ಸ್ಕ್ಯಾನ್ ಮಾಡಿದರೆ ವಿಡಿಯೊ, ಅಭ್ಯಾಸ ಎಲ್ಲ ಸಿಗುತ್ತೆ. ಅಂದರೆ ಪುಸ್ತಕವೇ ಒಂದು ಇಂಟರಾಕ್ಟಿವ್ ಪೋಸ್ಟರ್. ಆದರೆ ಅದರಲ್ಲಿ ಮಗು ಬರೀ ನೋಡೋದು. ಆ ಚುಕ್ಕಿ ಮುಟ್ಟಿದಾಗ ಏನು ತೆರೀಬೇಕು ಅನ್ನೋದನ್ನ ಮಗುವೇ ನಿರ್ಧರಿಸಿದಾಗ ಮಾತ್ರ ಅದರ ತಲೆಗೆ ಕೆಲಸ ಸಿಗೋದು.

ಎರಡನೇ ಸಲ

ಆ ಭಾನುವಾರ ಮತ್ತೆ ಹಾಸನದ ಬಸ್ ಹತ್ತಿದೆ. ಈ ಸಲ ಲ್ಯಾಪ್‌ಟಾಪ್ ಅವಳ ಮುಂದೆ ಇಟ್ಟು ನಾನು ಕೈಕಟ್ಟಿ ಕೂತೆ. ಮೊದಲು ಕಾಗದದ ಮೇಲೆ ಒಂದು ಗಿಡ ಬರಿ ಅಂದೆ. ಬರೆದಳು. ಯಾವುದರ ಬಗ್ಗೆ ಯಾರನ್ನ ಕೇಳಬಹುದು, ಅಲ್ಲಲ್ಲೇ ಗುರುತು ಹಾಕು ಅಂದೆ. ಗೆಡ್ಡೆ ಹತ್ತಿರ "ಅಜ್ಜಿ" ಅಂತ ಬರೆದಳು, ಬಿತ್ತನೆ ಗೆಡ್ಡೆ ಕಣ್ಣು ನೋಡಿ ಕತ್ತರಿಸೋದು ಅಜ್ಜಿಗೆ ಚೆನ್ನಾಗಿ ಗೊತ್ತು ಅಂತ. ಮಣ್ಣಿನ ಹತ್ತಿರ "ಪಕ್ಕದ್ಮನೆ ದೊಡ್ಡಪ್ಪ". ಎಲೆ ಹತ್ತಿರ ಸ್ವಲ್ಪ ಯೋಚನೆ ಮಾಡಿ, "ಅಪ್ಪ" ಅಂತ ಬರೆದಳು.

ನಮ್ಮ ಭಾವ ಮಾತು ಕಡಿಮೆ. ನಾನು ಹೋದಾಗ "ಬಂದ್ಯಾ", ಹೊರಟಾಗ "ಹೊರಟ್ಯಾ". ಮಗಳು ಫೋನ್ ಹಿಡಿದು ಮುಂದೆ ಕೂತಾಗಲೂ ಮೊದಲು, "ನಂಗೇನು ಗೊತ್ತು, ಬುಕ್ಕಲ್ಲಿ ಇರತ್ತಲ್ಲ" ಅಂದರು. ಅವಳು ಬಿಡಲಿಲ್ಲ. "ಅಪ್ಪ, ನಮ್ ಹೊಲದಲ್ಲಿ ಅಂಗಮಾರಿ ಬಂದಿತ್ತಲ್ಲ, ಹೆಂಗಿತ್ತು ಹೇಳು."

ಭಾವ ಒಂದಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು:

"ಗೆಡ್ಡೆ ಕಟ್ಟೋ ಟೈಮು. ಬಿಡದೆ ಸೋನೆ ಹಿಡ್ಕೊಂತು. ಬಿಸಿಲೇ ಇಲ್ಲ, ಮಂಜು ಮುಸುಕಿದಂಗೆ. ಬೆಳಿಗ್ಗೆ ಹೋಗಿ ನೋಡ್ತೀನಿ, ಎಲೆ ಅಂಚಲ್ಲಿ ನೀರು ನೆಂದಂಗೆ ಕಲೆ. ಮಗುಚಿ ನೋಡಿದ್ರೆ ಕೆಳಗೆ ಬೆಳ್ಳಗೆ ಬೂಷ್ಟು. ಔಷಧಿ ಹೊಡೆಯೋಣ ಅಂದ್ರೆ ಮಳೆ ನಿಲ್ಬೇಕಲ್ಲ. ನಾಕನೇ ದಿನಕ್ಕೆ ಇಡೀ ಹೊಲ ಬೆಂಕಿ ಬಿದ್ದಂಗೆ ಕರ್‍ರಗೆ. ಬದಿನ ಮೇಲೆ ನಿಂತ್ರೆ ಕೊಳೆತ ವಾಸನೆ."

ವಿಜ್ಞಾನದ ಪುಸ್ತಕ ಹೇಳೋದನ್ನೆಲ್ಲ ಭಾವ ಹೇಳಿಬಿಟ್ಟಿದ್ದರು. ಫೈಟಾಫ್ತೊರಾ ಇನ್‌ಫೆಸ್ಟನ್ಸ್ ಅನ್ನೋ ಜೀವಿ ಅದು. ನೋಡೋಕೆ ಶಿಲೀಂಧ್ರದ ಹಾಗೇ ಇದ್ದರೂ ನಿಜವಾದ ಶಿಲೀಂಧ್ರ ಅಲ್ಲ. ತಂಪು ಹವೆ, ಎಲೆ ಮೇಲೆ ಆರದ ತೇವ, ಇವೆರಡೂ ಸಿಕ್ಕರೆ ಕೆಲವೇ ದಿನಗಳಲ್ಲಿ ಹೊಲಕ್ಕೆ ಹೊಲವನ್ನೇ ತಿಂದುಹಾಕುತ್ತೆ. ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಕ್ಷಾಮವನ್ನ ತಂದದ್ದೂ ಇದೇ. ನಾನು ತೋರಿಸಿದ್ದ ವಿಡಿಯೊದಲ್ಲಿ ಇದ್ದದ್ದೂ, ಭಾವನ ಹೊಲದಲ್ಲಿ ಇದ್ದದ್ದೂ ಒಂದೇ ರೋಗ. ಅದು ಗೊತ್ತಾದಾಗ ಹುಡುಗಿ ಕಣ್ಣು ಅರಳಿಸಿ, "ಅದೇನಾ ಇದು?" ಅಂದಳು. ಐರ್ಲೆಂಡ್ ಅವಳಿಗೆ ಹತ್ತಿರವಾದದ್ದು ಆಗ.

ರೆಕಾರ್ಡಿಂಗ್ ನಿಂತಿರಲಿಲ್ಲ. ಭಾವ ಇನ್ನೊಂದು ಮಾತು ಸೇರಿಸಿದರು.

"ಆ ವರ್ಷಾನೇ ನಿಮ್ಮಮ್ಮನ ಸರ ಗಿರವಿ ಇಟ್ಟಿದ್ದು. ಬಿಡಿಸ್ಕೊಳ್ಳೋಕೆ ಎರಡು ವರ್ಷ ಹಿಡೀತು. ಆಮೇಲೇ ನಾನು ಆಲೂಗಡ್ಡೆ ಬಿಟ್ಟು ಜೋಳ ಹಾಕೋಕೆ ಶುರು ಮಾಡಿದ್ದು."

ಅಡಿಗೆ ಮನೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನನಗೆ ತಟ್ಟನೆ ನೆನಪಾಯ್ತು. ಎರಡು ಗೌರಿ ಹಬ್ಬದಲ್ಲಿ ಅಕ್ಕನ ಕೊರಳಲ್ಲಿ ಸರ ಇರಲಿಲ್ಲ. ಬಾಗಿನ ಕೊಡೋವಾಗ ನಾನೇ ಕೇಳಿದ್ದೆ. "ಕೊಂಡಿ ಕಿತ್ತೋಗಿದೆ ಕಣೋ, ರಿಪೇರಿಗೆ ಕೊಟ್ಟಿದೀನಿ" ಅಂದಿದ್ದಳು. ಎರಡನೇ ವರ್ಷವೂ ಅದೇ ಮಾತು. ಕೊಂಡಿ ರಿಪೇರಿಗೆ ಒಂದು ವರ್ಷ ಯಾಕೆ ಬೇಕು ಅಂತ ನಾನು ಯೋಚನೆ ಮಾಡಲೇ ಇಲ್ಲ. ಒಂದು ಸ್ಕೂಲ್ ಪೋಸ್ಟರ್ ಬಂದು ಹೇಳಬೇಕಾಯ್ತು.

ಯಾವುದು ಪೋಸ್ಟರಿಗೆ, ಯಾವುದು ಮನೆಗೆ

"ಅದೊಂದು ತೆಗೀರಿ. ಸ್ಕೂಲಲ್ಲಿ ಯಾಕೆ?" ಅಂದಳು ಅಕ್ಕ. "ಇರ್ಲಿ ಬಿಡು, ಯಾರ ಮನೇಲಿ ಇಟ್ಟಿಲ್ಲ?" ಅಂದರು ಭಾವ. ಇಬ್ಬರೂ ಮಗಳ ಮುಖ ನೋಡಿದರು.

ಅವಳು ಎರಡು ಸಲ ಕೇಳಿಸಿಕೊಂಡಳು. ಆಮೇಲೆ "ಕೊಳೆತ ವಾಸನೆ" ಅನ್ನೋ ಮಾತಿಗೆ ಕತ್ತರಿಸಿದಳು. ಪೂರ್ತಿ ದನಿಯನ್ನ ಅಮ್ಮನ ಫೋನಲ್ಲೇ ಇಟ್ಟಳು. "ಎಲೆ ಬಗ್ಗೆ ತಾನೆ ಮಿಸ್ ಕೇಳಿದ್ದು? ಸರದ್ದು ನಮ್ದು" ಅಂದಳು. ಯಾವುದು ಊರಿಗೆ, ಯಾವುದು ಮನೆಗೆ ಅಂತ ಹದಿಮೂರು ವರ್ಷದ ಹುಡುಗಿ ತಾನೇ ಗೆರೆ ಎಳೆದಳು. ನನ್ನ ಇನ್‌ಸ್ಟಾಗ್ರಾಮ್ ಖಾತೆ ನೆನೆಸಿಕೊಂಡು ನನಗೇ ಸ್ವಲ್ಪ ನಾಚಿಕೆ ಆಯ್ತು.

ಇದು ಸಣ್ಣ ವಿಷಯ ಅಲ್ಲ. ಇಂಥ ಪೋಸ್ಟರಿಗೆ ಮನೆಯವರ ದನಿ, ಮಕ್ಕಳ ಮುಖ ಎಲ್ಲ ಸೇರುತ್ತೆ. ಅದನ್ನ ಎಲ್ಲರಿಗೂ ಕಾಣೋ ಲಿಂಕಲ್ಲಿ ಹಾಕಿಬಿಟ್ಟರೆ ವಾಪಸ್ ತಗೊಳ್ಳೋದು ಕಷ್ಟ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಆ್ಯಪ್‌ಗಳು ಅವರ ಮಾಹಿತಿ ಬಳಸೋಕೆ ಮುಂಚೆ ಹೆತ್ತವರ ಒಪ್ಪಿಗೆ ಬೇಕು. ಮನೆಯಲ್ಲಿ ಪಾಲಿಸೋಕೆ ಇನ್ನೂ ಸರಳವಾದ ನಿಯಮ ಒಂದಿದೆ: ದನಿ ಯಾರದ್ದೋ ಅವರಿಗೆ ಕೇಳಿಸಿ, ಹೂಂ ಅಂದಮೇಲೆ ಹಾಕೋದು.

ನೆಟ್ ಇಲ್ಲದ ಕ್ಲಾಸಿಗೆ

ಈಗ ಕೆಲಸದ ವಿಷಯಕ್ಕೆ ಬರೋಣ. 1982ರಿಂದ ದೇಶದ ಉಪಗ್ರಹಗಳನ್ನ ನೋಡಿಕೊಳ್ತಿರೋ ಇಸ್ರೊದ ಕೇಂದ್ರ ಇರೋದು ನಮ್ಮ ಹಾಸನದಲ್ಲೇ. ಶಿಕ್ಷಣಕ್ಕೆ ಅಂತಲೇ 2004ರಲ್ಲಿ ಹಾರಿಸಿದ ಎಜುಸ್ಯಾಟ್ ಉಪಗ್ರಹದಿಂದ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಪಾಠ ಬರ್ತಿತ್ತು. ಆದರೂ ಅಕ್ಕನ ಮನೆ ಜಗಲಿಯಲ್ಲಿ ನೆಟ್‌ವರ್ಕ್ ಹುಡುಕೋಕೆ ನಾನು ಹುಣಸೇಮರದ ಹತ್ತಿರ ಹೋಗಬೇಕು. ಅದಕ್ಕೇ ಎರಡನೇ ಪೋಸ್ಟರನ್ನ ನೆಟ್ ಇಲ್ಲದೆ ನಡೆಯೋ ಹಾಗೆ ಮಾಡಿದೆವು.

ಉಪಾಯ ಸುಲಭ. ಪವರ್‌ಪಾಯಿಂಟಲ್ಲಿ ಅವಳು ಬರೆದ ಗಿಡದ ಫೋಟೊ ಮೊದಲ ಸ್ಲೈಡು. ಎಲೆ, ಗೆಡ್ಡೆ, ಮಣ್ಣು ಇವುಗಳ ಮೇಲೆ ಒಂದೊಂದು ವೃತ್ತ. ವೃತ್ತ ಆಯ್ಕೆ ಮಾಡಿ, ಇನ್ಸರ್ಟ್‌ನಲ್ಲಿ ಲಿಂಕ್ ಒತ್ತಿ, ಅದೇ ಫೈಲಿನ ಇನ್ನೊಂದು ಸ್ಲೈಡಿಗೆ ಜೋಡಿಸೋದು. ಆ ಸ್ಲೈಡಲ್ಲಿ ದನಿ ಮತ್ತು ಒಂದು ಫೋಟೊ, ಜೊತೆಗೆ ವಾಪಸ್ ಬರೋಕೆ ಒಂದು ಬಾಣ. ದುಡ್ಡು ಕೊಡದೆ ಸಿಗೋ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲೂ ಇದೇ ಕೆಲಸ ಮಾಡಬಹುದು. ಫೈಲನ್ನ ಪೆನ್‌ಡ್ರೈವಿಗೆ ಹಾಕಿದರೆ ಮುಗೀತು.

ಇನ್ನೊಂದು ದಾರಿ, ಕಾಗದದ ಚಾರ್ಟಿನ ಮೇಲೆ ಕ್ಯುಆರ್ ಕೋಡ್ ಅಂಟಿಸೋದು. ಕ್ಯುಆರ್ ಅಂದ್ರೆ ಲಿಂಕೇ ಆಗಬೇಕು ಅಂತಿಲ್ಲ, ಬರಹವನ್ನೇ ಅದರೊಳಗೆ ತುಂಬಿಸಬಹುದು. ಆಗ ಸ್ಕ್ಯಾನ್ ಮಾಡೋ ಫೋನಿಗೆ ನೆಟ್ ಬೇಡ. ಅತಿ ದೊಡ್ಡ ಕ್ಯುಆರ್ ಕೋಡಿಗೆ 2,953 ಬೈಟ್ ಹಿಡಿಸುತ್ತೆ. ಕನ್ನಡದಲ್ಲಿ "ಕ" ಅಂದ್ರೆ 3 ಬೈಟ್, "ಕಿ" ಅಂದ್ರೆ ಗುಡಿಸು ಸೇರಿ 6. ಹಾಗಾಗಿ ಎರಡು ಮೂರು ಸಾಲು ಮಾತ್ರ ಹಾಕಿ. ಜಾಸ್ತಿ ತುಂಬಿದಷ್ಟೂ ಚೌಕಗಳು ಸಣ್ಣದಾಗಿ, ಹಳೇ ಫೋನಿನ ಕ್ಯಾಮೆರಾ ತಡವರಿಸುತ್ತೆ. ದನಿ ಇದರಲ್ಲಿ ಹಿಡಿಸಲ್ಲ. ಒಂದು ಪ್ರಶ್ನೆ, ಅದಕ್ಕೊಂದು ಉತ್ತರ ಆರಾಮಾಗಿ ಹಿಡಿಸುತ್ತೆ.

ಎಷ್ಟು ಚುಕ್ಕಿ ಇಡಬೇಕು? ನಾನು ಮೊದಲ ಸಲ ಹನ್ನೆರಡು ಇಟ್ಟಿದ್ದೆ. ಅವಳು ನಾಲ್ಕು ಇಟ್ಟಳು. ಅವಳೇ ಸರಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಚಿತ್ರ ಮತ್ತು ಮಾತು ಸೇರಿಸಿ ಕಲಿಸೋದರ ಮೇಲೆ ದಶಕಗಳ ಕಾಲ ಪ್ರಯೋಗ ಮಾಡಿದವರು. 2001ರಲ್ಲಿ ಅದರ ಬಗ್ಗೆ ಪುಸ್ತಕವೂ ಬಂತು. ಬರೀ ಮಾತಿಗಿಂತ ಮಾತು-ಚಿತ್ರ ಜೊತೆಗಿದ್ದರೆ ಕಲಿಕೆ ಚೆನ್ನಾಗಿ ಆಗುತ್ತೆ ಅಂತಾರೆ ಅವರು. ಆದರೆ ವಿಷಯಕ್ಕೆ ಸಂಬಂಧ ಇಲ್ಲದ ಸಂಗೀತ, ಅಲಂಕಾರ ಸೇರಿಸಿದರೆ ಕಲಿಕೆ ಕಡಿಮೆಯಾಗುತ್ತೆ ಅಂತಲೂ ಹೇಳ್ತಾರೆ. ನನ್ನ ಹಿನ್ನೆಲೆ ಸಂಗೀತ, ಮಿನುಗೋ ಚುಕ್ಕಿ ಎಲ್ಲ ಆ ಲೆಕ್ಕಕ್ಕೇ ಸೇರಿದ್ದು.

ಕ್ಲಾಸಲ್ಲಿ ಏನಾಯ್ತು

ತೋರಿಸಬೇಕಾದ ದಿನ ಕರೆಂಟ್ ಹೋಯ್ತು! ಶಾಲೆಯ ದೊಡ್ಡ ಟಿವಿ ಕಪ್ಪಗೆ ಕೂತಿತ್ತು. ಮಿಸ್ ತಮ್ಮ ಫೋನಿಗೆ ದನಿಯ ಫೈಲ್ ಹಾಕಿಕೊಂಡು, ಅವಳು ಬರೆದ ಗಿಡದ ಕಾಗದವನ್ನ ಬೋರ್ಡಿಗೆ ಅಂಟಿಸಿದರಂತೆ. ಅವಳು ಎಲೆ ಮುಟ್ಟಿದಾಗ ಮಿಸ್ ಫೋನ್ ಒತ್ತಿದ್ದಾರೆ. ಹಿಂದಿನ ಸಾಲಿಗೆ ಕೇಳಿಸಲಿಲ್ಲ ಅಂತ ಫೋನನ್ನ ಕೈಯಿಂದ ಕೈಗೆ ದಾಟಿಸಿದ್ದಾರೆ.

ಕಡೇ ಬೆಂಚಿನಲ್ಲಿ ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗ ದನಿಯನ್ನ ಪೂರ್ತಿ ಕೇಳಿ, "ನಮ್ಮನೇಲೂ ಹಿಂಗೇ ಆಗಿತ್ತು ಮಿಸ್" ಅಂದನಂತೆ. ಆಮೇಲೆ ಇನ್ನೊಬ್ಬಳು. ಮತ್ತೊಬ್ಬ ಎದ್ದು, ಬೂಷ್ಟು ಎಲೆ ಕೆಳಗೇ ಯಾಕೆ ಬರತ್ತೆ ಅಂತ ಕೇಳಿದ್ದಾನೆ. ಎಲೆಯ ಉಸಿರುರಂಧ್ರಗಳು ಹೆಚ್ಚಾಗಿ ಕೆಳಮೈಯಲ್ಲಿರೋದು, ಆ ಜೀವಿ ಅದರ ಮೂಲಕವೇ ಹೊರಗೆ ಚಾಚಿಕೊಳ್ಳೋದು ಎಲ್ಲ ಮಿಸ್ ವಿವರಿಸಿದ್ದಾರೆ. ಈಗ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಬಿತ್ತನೆ ಗೆಡ್ಡೆ ಬದಲು ಸಸಿ ನೆಟ್ಟು ಬೆಳೆಯೋ ವಿಧಾನ ತೋರಿಸ್ತಿದ್ದಾರೆ ಅನ್ನೋದೂ ಮಾತಿಗೆ ಬಂದಿದೆ. ಪಂಜಾಬಿನಿಂದ ಬರೋ ಬಿತ್ತನೆ ಗೆಡ್ಡೆಗೇ ಕಾಯಬೇಕಾದ ತಾಪತ್ರಯ ಅದರಿಂದ ಕಡಿಮೆಯಾಗಬಹುದು. ಪೋಸ್ಟರ್ ಮುಗಿಯೋ ಹೊತ್ತಿಗೆ ಪೀರಿಯಡ್ಡೂ ಮುಗಿದಿತ್ತು.

ಸಂಜೆ ಫೋನಲ್ಲಿ ಇಷ್ಟನ್ನೂ ಒಂದೇ ಉಸಿರಲ್ಲಿ ಹೇಳಿದಳು. ಮಾರ್ಕ್ಸ್ ಎಷ್ಟು ಬಂತು ಅಂತ ಕೇಳಿದೆ. "ಅಯ್ಯೋ, ಕೇಳೋದೇ ಮರ್ತೋಯ್ತು ಮಾವ" ಅಂದಳು.

ನಿಮ್ಮ ಮನೆಯಲ್ಲೂ ಮಕ್ಕಳು ಇಂಥದ್ದೊಂದು ಪ್ರಾಜೆಕ್ಟ್ ಹಿಡಿದು ಬರ್ತಾರೆ. ನಾವು ಐಟಿಯವರು, ಒಂದು ಗಂಟೇಲಿ ಮುಗಿಸಿಕೊಡ್ತೀವಿ. ದಯವಿಟ್ಟು ಮುಗಿಸಿಕೊಡಬೇಡಿ. ಲ್ಯಾಪ್‌ಟಾಪ್ ಕೊಡಿ, ಲಿಂಕ್ ಜೋಡಿಸೋದು ಹೇಗೆ ಅಂತ ಹೇಳಿಕೊಡಿ, ಚುಕ್ಕಿ ಯಾವುದಕ್ಕೆ ಇಡಬೇಕು ಅನ್ನೋದನ್ನ ಅವರಿಗೇ ಬಿಡಿ. ಊರಲ್ಲಿರೋ ಅಜ್ಜನಿಗೋ ಅತ್ತೆಗೋ ಅವರ ಕೈಯಿಂದಲೇ ಒಂದು ಫೋನ್ ಮಾಡಿಸಿ.

ಹೋದ ವಾರ ಅಕ್ಕನಿಗೆ ನಾನೇ ಫೋನ್ ಮಾಡಿದ್ದೆ. ಅದೂ ಇದೂ ಮಾತಾಡಿ, "ಸರದ ವಿಷಯ ಅವತ್ತೇ ಯಾಕೆ ಹೇಳ್ಲಿಲ್ಲ?" ಅಂತ ಕೇಳಿದೆ.

"ನೀನು ಬಾಗಿನ ಹಿಡ್ಕೊಂಡು ಬಂದಿದ್ದೆ ಕಣೋ. ಆ ಹೊತ್ತಲ್ಲಿ ಏನಂತ ಹೇಳ್ಲಿ?" ಅಂದಳು. ಆಮೇಲೆ, "ಆ ರೆಕಾರ್ಡಿಂಗ್ ಇನ್ನೂ ಫೋನಲ್ಲೇ ಇದೆ. ಅಳಿಸಿಲ್ಲ. ನಿಮ್ಮ ಭಾವ ಅಷ್ಟುದ್ದ ಮಾತಾಡಿದ್ದು ಅದೊಂದೇ ಸಲ" ಅಂತ ನಕ್ಕಳು.